ಡಿಪ್ಪಾ, ಸೋಕಾ? ಚೀನೀ ಮಾತಾಡುವವರಿಗೆ ಇಂಗ್ಲಿಷಿನ ಒದ್ದೆ ಕ್ರಿಯಾಪದಗಳು

ಬೆಂಗಳೂರಿನ ದರ್ಶಿನಿಯಲ್ಲಿ ಇಡ್ಲಿ ಕೇಳಿದರೆ ಕೌಂಟರಿನವರು ತಿರುಗಿ ಕೇಳುತ್ತಾರೆ: "ಡಿಪ್ಪಾ, ಸಪರೇಟಾ?" ಡಿಪ್ ಅಂದರೆ ಇಡ್ಲಿ ಸಾಂಬಾರಿನ ಬಟ್ಟಲಲ್ಲಿ ಮುಳುಗಿಕೊಂಡೇ ಬರುತ್ತದೆ. ನಿಂತು ತಿನ್ನುವ ಟೇಬಲ್ಲಿಗೆ ತಲುಪುವಷ್ಟರಲ್ಲಿ ಅರ್ಧ ಸಾಂಬಾರು ಇಡ್ಲಿಯ ಹೊಟ್ಟೆ ಸೇರಿರುತ್ತದೆ. ಕೈಯಲ್ಲಿ ಎತ್ತಿದರೆ ಮುರಿದು ಬೀಳುತ್ತದೆ, ಚಮಚವೇ ಗತಿ.

ಇಂಗ್ಲಿಷಿನ ಲೆಕ್ಕದಲ್ಲಿ ಇದು ಡಿಪ್ಪೇ ಅಲ್ಲ. ಡಿಪ್ ಅಂದರೆ ಅದ್ದಿ ತಕ್ಷಣ ತೆಗೆಯುವುದು. ಸಪರೇಟ್ ತೆಗೆದುಕೊಂಡು, ಇಡ್ಲಿಯ ಒಂದು ತುಂಡನ್ನು ಸಾಂಬಾರಿಗೆ ಅದ್ದಿ ಬಾಯಿಗೆ ಹಾಕಿಕೊಳ್ಳುತ್ತೇವಲ್ಲ, ನಿಜವಾದ ಡಿಪ್ ಅದು. ಮುಳುಗಿ ಕೂತ ಇಡ್ಲಿಗೆ ಸಿಗಬೇಕಾದ ಪದ ಸೋಕ್.

ಇದು ನನಗೆ ಹೊಳೆದದ್ದು ಬೆಂಗಳೂರಿನಲ್ಲಲ್ಲ, ಸಿಂಗಪುರದಲ್ಲಿ. ಅಲ್ಲಿ ಶನಿವಾರ ಸಂಜೆ ಚೀನಾದಿಂದ ಕೆಲಸಕ್ಕೆ ಬಂದ ಕೆಲವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೆಚ್ಚಿನವರು ಅಡುಗೆಯವರು, ಇಬ್ಬರು ನರ್ಸ್‌ಗಳು. ಶಿಯಾನ್ ಕಡೆಯ ಅಡುಗೆಯವನೊಬ್ಬ ತನ್ನ ಊರಿನ ತಿಂಡಿಯ ಬಗ್ಗೆ ಹೇಳುತ್ತಿದ್ದ. ಗಟ್ಟಿ ರೊಟ್ಟಿಯನ್ನು ಗಿರಾಕಿಯೇ ಕೈಯಲ್ಲಿ ಚೂರುಚೂರು ಮಾಡಿ ಬಟ್ಟಲಿಗೆ ಹಾಕಬೇಕು. ಅಡುಗೆಮನೆಯವರು ಅದನ್ನು ಕುರಿಮಾಂಸದ ಸಾರಿನಲ್ಲಿ ಬೇಯಿಸಿ ಕೊಡುತ್ತಾರೆ. ಹೆಸರು ಪಾಓಮೋ. "ವಿ ಡಿಪ್ ದ ಬ್ರೆಡ್ ಇನ್ ದ ಸೂಪ್" ಅಂದ. ತಿದ್ದಲು ಬಾಯಿ ತೆರೆದವನು ಹಾಗೇ ನಿಂತೆ. ನಮ್ಮ ಸಾಂಬಾರ್ ಡಿಪ್ಪಿನದೂ ಇದೇ ಕಥೆ ಅಲ್ವಾ!

ಅಂದಿನಿಂದ ಈ ಗುಂಪಿನ ಪದಗಳನ್ನು ಚೀನೀ, ಕನ್ನಡ, ಇಂಗ್ಲಿಷ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ. ಚೀನೀಯರು ಎಡವುವ ಜಾಗದಲ್ಲಿ ಬಹಳ ಸಲ ನಾವೂ ಎಡವುತ್ತೇವೆ. ಇಂಗ್ಲಿಷ್ ಹುಟ್ಟುಭಾಷೆಯಾದ ಮೇಷ್ಟರಿಗೆ ಆ ಎಡವು ಕಲ್ಲು ಕಣ್ಣಿಗೇ ಬೀಳುವುದಿಲ್ಲ. ವಿದೇಶದಲ್ಲಿ ಚೀನೀ ಸಹೋದ್ಯೋಗಿಗಳ ಜೊತೆ ಕೆಲಸ ಮಾಡುವ ಕನ್ನಡಿಗರಿಗೆ, ಆನ್‌ಲೈನಿನಲ್ಲಿ ಅವರಿಗೆ ಪಾಠ ಹೇಳುವವರಿಗೆ ಇದು ಉಪಯೋಗಕ್ಕೆ ಬಂದೀತು.

ಪಾಓ: ಒಂದೇ ಪಾತ್ರೆ, ಐದಾರು ಅಡುಗೆ

ಚೀನೀ ಭಾಷೆಯ ಪಾಓ ಅನ್ನುವ ಕ್ರಿಯಾಪದದ ದನಿ ಮೇಲಿಂದ ಕೆಳಕ್ಕೆ ಬೀಳುತ್ತದೆ, ಸಣ್ಣಗೆ ಗದರಿಸಿದ ಹಾಗೆ. ಒಂದು ವಸ್ತುವನ್ನು ದ್ರವದೊಳಗೆ ಹಾಕಿ ಅಲ್ಲೇ ಬಿಟ್ಟರೆ ಅದು ಪಾಓ. ಟೀ ಎಲೆಗೆ ಬಿಸಿನೀರು ಹಾಕಿದರೆ ಪಾಓ. ಕಪ್ ನೂಡಲ್ಸಿಗೆ ನೀರು ಹಾಕಿ ಮುಚ್ಚಿಟ್ಟರೂ ಪಾಓ. ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಪಾಓ, ಬಿಸಿನೀರಿನ ಬುಗ್ಗೆಯಲ್ಲಿ ಕೂತರೂ ಪಾಓ. ಉಪ್ಪುನೀರಿನ ಜಾಡಿಯಲ್ಲಿ ತರಕಾರಿ ಹುಳಿ ಬಂದರೆ ಪಾಓತ್ಸಾಯ್. ಸಂಜೆಯೆಲ್ಲ ಬಾರಿನಲ್ಲಿ ಕಳೆಯುವುದಕ್ಕೆ ಪಾಓ ಬಾ ಅನ್ನುತ್ತಾರೆ. ಬಾರಿನಲ್ಲಿ ನೆನೆಯುತ್ತಾ ಕೂತ ಹಾಗೆ!

ನಮ್ಮ 'ನೆನೆ' ಇದಕ್ಕೆ ತೀರಾ ಹತ್ತಿರದ ನೆಂಟ. ಅಕ್ಕಿ ನೆನೆಯುತ್ತದೆ, ಕಡಲೆ ನೆನೆಯುತ್ತದೆ, ಬಟ್ಟೆ ಸರ್ಫ್ ನೀರಿನಲ್ಲಿ ನೆನೆಯುತ್ತದೆ, ಮಳೆಯಲ್ಲಿ ನಾವೂ ನೆನೆಯುತ್ತೇವೆ. (ಊರನ್ನೂ ನೆನೆಯುತ್ತೇವೆ, ಆ ಮಾತು ಬೇರೆ.)

ಇಂಗ್ಲಿಷ್ ಇಲ್ಲಿ ಪದಗಳನ್ನು ಹಂಚಿಬಿಡುತ್ತದೆ. ಕಾಲು ಸೋಕ್, ಕಡಲೆ ಸೋಕ್, ಬುಗ್ಗೆಯಲ್ಲಿ ಕೂರುವುದೂ ಸೋಕ್. ಟೀ ಮಾತ್ರ ಸ್ಟೀಪ್, ಇಲ್ಲವೇ ಬ್ರೂ. ತರಕಾರಿ ಪಿಕಲ್. ನೂಡಲ್ಸಿಗೆ ವಿಶೇಷ ಪದವೇ ಇಲ್ಲ, ಸುಮ್ನೆ ಮೇಕ್ ಅಂದರೆ ಸಾಕು. "ಐ ಸೋಕ್ಡ್ ಸಮ್ ಟೀ" ಅಂದರೆ ಕೇಳಿದವರು ಟೀ ಪುಡಿಯನ್ನು ರಾತ್ರಿಯೆಲ್ಲ ಬಕೆಟ್ಟಿನಲ್ಲಿ ನೆನೆಹಾಕಿದ್ದಾನೆ ಅಂದುಕೊಂಡಾರು.

ಸೋಕ್ ಮತ್ತು ಸ್ಟೀಪ್ ನಡುವೆ ಆರಿಸಲು ನಾನು ಹೇಳಿಕೊಡುವ ಪ್ರಶ್ನೆ ಇಷ್ಟೇ: ಕೊನೆಗೆ ನಿನಗೆ ಬೇಕಾಗಿರುವುದು ಯಾವುದು, ವಸ್ತುವಾ, ನೀರಾ? ಕಡಲೆ ನೆನೆಸಿದರೆ ನೀರು ಬಸಿದು ಚೆಲ್ಲುತ್ತೇವೆ, ಬೇಕಿರುವುದು ಕಡಲೆ. ಹಾಗಾಗಿ ಸೋಕ್. ಟೀಯಲ್ಲಿ ಎಲೆ ಚೆಲ್ಲುತ್ತೇವೆ, ಬೇಕಿರುವುದು ನೀರು. ಹಾಗಾಗಿ ಸ್ಟೀಪ್. ಒಳಗಿನ ಸತ್ವ ನೀರಿಗೆ ಇಳಿಯಲಿ ಅಂತ ಮಾಡುವ ಕೆಲಸ ಅದು. ನಮ್ಮಲ್ಲಿ ಡಿಕಾಕ್ಷನ್ 'ಇಳಿಯುತ್ತೆ' ಅಂತೀವಲ್ಲ, ಆ ಇಳಿಯುವುದನ್ನು ನೆನಪಿಟ್ಟುಕೊಂಡರೆ ಸ್ಟೀಪ್ ಮರೆಯುವುದಿಲ್ಲ.

ಈ ಸೂತ್ರ ಕಬ್ಬಿಣದ್ದಲ್ಲ. ಮೆಂತ್ಯ ನೆನೆಸಿ ಬೆಳಿಗ್ಗೆ ಆ ನೀರು ಕುಡಿಯುವವರು ಇಂಗ್ಲಿಷಿನಲ್ಲೂ ಸೋಕ್ ಅಂತಲೇ ಬರೆಯುತ್ತಾರೆ. ಮಾಲ್ಟ್ ಮಾಡುವವರು ಬಾರ್ಲಿ ನೆನೆಸುವುದಕ್ಕೆ ಸ್ಟೀಪ್ ಅನ್ನುತ್ತಾರೆ, ಅವರಿಗೆ ಬೇಕಿರುವುದು ಕಾಳು. ಅದು ಆ ಕಸುಬಿನ ಮಾತು. ಅಡುಗೆಮನೆಯ ಮಟ್ಟಿಗೆ ಸೂತ್ರ ಹತ್ತರಲ್ಲಿ ಒಂಬತ್ತು ಸಲ ಕೈಹಿಡಿಯುತ್ತದೆ.

ಇನ್ನೊಂದು ತಮಾಷೆ. ನಮ್ಮ 'ಸೋಕು' ಅಂದರೆ ಬರೀ ತಾಗುವುದು. ಗಾಳಿ ಸೋಕುತ್ತದೆ, ಸೆರಗು ಸೋಕುತ್ತದೆ. ಅವರ ಸೋಕ್ ಒಳಕ್ಕೇ ಇಳಿದುಬಿಡುತ್ತದೆ. ಉಚ್ಚಾರ ಒಂದೇ, ಕೆಲಸ ತದ್ವಿರುದ್ಧ.

ಮಾಂಸಕ್ಕೆ ಮಸಾಲೆ ಹಚ್ಚಿಡುವ ವಿಷಯ ಬಂದರೆ ಅಡುಗೆಯವರಿಗೆ ಬೇರೆ ಗೊಂದಲ. ಚೀನೀಯಲ್ಲಿ ಯೆನ್ ಅನ್ನುವ ಒಂದೇ ಪದ ಉಪ್ಪು ಹಾಕಿಡುವುದಕ್ಕೂ, ಉಪ್ಪಿನಕಾಯಿ ಹಾಕುವುದಕ್ಕೂ, ಮಸಾಲೆಯಲ್ಲಿ ನೆನೆಸಿಡುವುದಕ್ಕೂ ನಡೆಯುತ್ತದೆ. ಹಾಗಾಗಿ "ಪಿಕಲ್ ದ ಚಿಕನ್ ಫಾರ್ ತರ್ಟಿ ಮಿನಿಟ್ಸ್" ಅಂತ ಬರುತ್ತದೆ. ಅರ್ಧ ಗಂಟೆಯಾದರೆ ಮ್ಯಾರಿನೇಟ್, ವಾರಗಟ್ಟಲೆ ಜಾಡಿಯಲ್ಲಿದ್ದರೆ ಪಿಕಲ್. ಇಲ್ಲಿ ಗಡಿಯಾರ ನೋಡಿ ಹೇಳಿದರೆ ಸಾಕು.

ಅದ್ದಿ ತೆಗೆಯುವುದು

ಇಲ್ಲಿ ಚೀನೀಯರಿಗೆ ಒಳ್ಳೆಯ ಆಸ್ತಿಯೇ ಇದೆ. ಡಂಪ್ಲಿಂಗನ್ನು ವಿನೆಗರಿಗೆ ತಾಗಿಸಿ ತಿನ್ನುವುದಕ್ಕೆ ಜಾನ್ ಅನ್ನುವ ಪದ. ಬರೆಯಲು 22 ಗೆರೆ ಬೇಕು, ಮಾಡುವ ಕೆಲಸ ಒಂದು ಕ್ಷಣದ್ದು. ಇದು ಇಂಗ್ಲಿಷಿನ ಡಿಪ್ಪಿಗೆ, ನಮ್ಮ 'ಅದ್ದು'ವಿಗೆ ಸರಿಯಾದ ಜೋಡಿ. ಹಾಟ್‌ಪಾಟಿನಲ್ಲಿ ತೆಳು ಮಾಂಸವನ್ನು ಕಡ್ಡಿಯಲ್ಲಿ ಹಿಡಿದು ಕುದಿಯುವ ಸಾರಿನಲ್ಲಿ ನಾಲ್ಕು ಸಲ ಅಲ್ಲಾಡಿಸಿ ತೆಗೆಯುವುದಕ್ಕೆ ಶುವಾನ್ ಅಂತ ಬೇರೆ ಪದವೇ ಇದೆ. ಇಂಗ್ಲಿಷಿಗೆ ಅಷ್ಟು ನಿಖರವಾದ ಪದವಿಲ್ಲ. ಸ್ವಿಷ್ ಅನ್ನಬಹುದು, ಡಿಪ್ ಅಂದರೂ ನಡೆಯುತ್ತದೆ. ಕನ್ನಡದಲ್ಲಿ ಬಟ್ಟೆಗೆ 'ಜಾಲಿಸು' ಅನ್ನುತ್ತೇವೆ, ಕೈಯ ಆಟ ಸುಮಾರಾಗಿ ಅದೇ.

ಹಾಗಾದರೆ ಶಿಯಾನಿನ ಹುಡುಗ ಡಿಪ್ ಅಂದದ್ದೇಕೆ? ಅವನ ಭಾಷೆಯಲ್ಲಿ ಪಾಓ, ಜಾನ್ ಬೇರೆಬೇರೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಆದರೆ ಊಟದ ಮೇಜಿನಲ್ಲಿ ಅವನ ಕಿವಿಗೆ ಬಿದ್ದ ಇಂಗ್ಲಿಷ್ ಪದ ಡಿಪ್ ಒಂದೇ. ಕೈಗೆ ಸಿಕ್ಕ ಚಮಚದಲ್ಲೇ ಎಲ್ಲವನ್ನೂ ಬಡಿಸಿದ. ನಾವು ಕೂಡ ದರ್ಶಿನಿಯಲ್ಲಿ ಅದನ್ನೇ ಮಾಡಿದ್ದು.

ಡಂಕ್ ಅನ್ನುವುದು ಡಿಪ್ಪಿನ ತುಂಟ ತಮ್ಮ. ಪೆನ್ಸಿಲ್ವೇನಿಯಾದ ಜರ್ಮನ್ ಮಾತಿನವರಿಂದ ಇಂಗ್ಲಿಷಿಗೆ ಬಂದ ಪದ. ಬಿಸ್ಕತ್ತನ್ನು ಚಹಾದಲ್ಲಿ ಪೂರ್ತಿ ಮುಳುಗಿಸಿ, ಮುರಿದು ಬೀಳುವ ಮೊದಲೇ ಬಾಯಿಗೆ ಹಾಕಿಕೊಳ್ಳುವ ಆಟ ಇದೆಯಲ್ಲ, ಅದು ಡಂಕ್. ಚೀನೀಯರು ಉದ್ದನೆಯ ಕರಿದ ಯೌಥಿಯಾಓವನ್ನು ಬಿಸಿ ಸೋಯಾ ಹಾಲಿನಲ್ಲಿ ಮುಳುಗಿಸುವುದಕ್ಕೂ ಇದೇ ಸೊಗಸಾದ ಪದ. ವಿನೆಗರಿನ ತಟ್ಟೆಗೆ ಮಾತ್ರ ಡಂಕ್ ಬೇಡ, ಅಷ್ಟು ಆಳ ಅಲ್ಲಿ ಎಲ್ಲಿದೆ?

ಮಳೆಯಲ್ಲಿ ಸಿಕ್ಕಿಬಿದ್ದಾಗ

ಇದನ್ನು ತಿದ್ದದೆ ಬಿಟ್ಟರೆ ಮಾನ ಹೋಗುತ್ತದೆ.

ಸಿಂಗಪುರದ ಮಳೆ ಹೇಳಿ ಕೇಳಿ ಬರುವುದಲ್ಲ. ಒಂದು ಶನಿವಾರ ನರ್ಸ್ ಒಬ್ಬಳು ಓಡೋಡಿ ಬಂದು ಬಾಗಿಲಲ್ಲೇ ನಿಂತು "ಸಾರಿ ಟೀಚರ್, ಐ ವೆಟ್ ಮೈ ಪ್ಯಾಂಟ್ಸ್" ಅಂದಳು. ನಾನು ನಗು ತಡೆದುಕೊಂಡೆ. ಇಂಗ್ಲಿಷಿನಲ್ಲಿ ಅದರ ಅರ್ಥ ಉಚ್ಚೆ ಹೊಯ್ದುಕೊಂಡೆ ಅಂತ. ಕನ್ನಡಿಗನಿಗೆ ಇದನ್ನು ವಿವರಿಸುವುದೇ ಬೇಕಿಲ್ಲ, "ಚಡ್ಡಿ ಒದ್ದೆ ಮಾಡಿಕೊಂಡ" ಅಂದರೆ ನಮ್ಮಲ್ಲೂ ಅದೇ. ಆದರೆ ಚೀನೀಯಲ್ಲಿ ಆ ಅರ್ಥಕ್ಕೆ ಉಚ್ಚೆ ಅನ್ನುವ ಪದವನ್ನೇ ಹಾಕಿ ಹೇಳುತ್ತಾರೆ. ಒದ್ದೆ ಮಾಡುವುದು ಅಂದರೆ ಅವರಿಗೆ ಬರೀ ನೀರು. ಹಾಗಾಗಿ ಗುಂಡಿ ಕಾಣುವುದಿಲ್ಲ, ಬೀಳುತ್ತಾರೆ.

ವೆಟ್ ಅನ್ನು ಕ್ರಿಯಾಪದವಾಗಿ ಬಳಸುವುದನ್ನೇ ಮೊದಲ ಒಂದು ವರ್ಷ ಬಿಟ್ಟುಬಿಡಿ ಅಂತ ನಾನು ಹೇಳುತ್ತೇನೆ. 'ಗೆಟ್ ವೆಟ್' ಸಾಕು. "ಮೈ ಪ್ಯಾಂಟ್ಸ್ ಗಾಟ್ ವೆಟ್." ಯಾರೂ ನಗುವುದಿಲ್ಲ.

ಜಾಸ್ತಿ ನೆನೆದಿದ್ದರೆ ಸೋಕ್ಡ್, ಡ್ರೆಂಚ್ಡ್. ಇವೆರಡರಲ್ಲಿ ಮಳೆಗೆ ಯಾವುದಾದರೂ ಆದೀತು. ಡ್ರೆಂಚ್ ಸ್ವಲ್ಪ ನಾಟಕೀಯ, ನೀರು ಮೇಲಿನಿಂದ ಸುರಿದ ಭಾವ ಅದರಲ್ಲಿದೆ. ಹುಟ್ಟಿನಲ್ಲಿ ಈ ಪದಕ್ಕೆ ಕುಡಿಸುವುದು ಅಂತ ಅರ್ಥ, ಡ್ರಿಂಕ್ ಪದದ ಒಡಹುಟ್ಟು. ಈಗಲೂ ದನಕುರಿಗೆ ಬಾಯಿಯ ಮೂಲಕ ಔಷಧಿ ಹೊಯ್ಯುವುದಕ್ಕೆ ಇಂಗ್ಲಿಷಿನಲ್ಲಿ ಡ್ರೆಂಚ್ ಅಂತಾರೆ. ನಮ್ಮ ಹಳ್ಳಿಯಲ್ಲಿ ಬಿದಿರಿನ ಗೊಟ್ಟದಲ್ಲಿ ಎತ್ತಿಗೆ ಕಷಾಯ ಕುಡಿಸುತ್ತಿದ್ದದ್ದು ಅಪ್ಪಟ ಡ್ರೆಂಚ್. ಅಂಗಿಗೆ ಗೊಟ್ಟ ಹಾಕಿದ ಹಾಗೆ ಮಳೆ ಹೊಯ್ದರೆ ಡ್ರೆಂಚ್ಡ್ ಅನ್ನಿ.

ವಾಕ್ಯ ಕಟ್ಟುವಾಗ ಚೀನೀಯರಿಗೂ ನಮಗೂ ದಾರಿ ಬೇರೆಯಾಗುತ್ತದೆ. ಚೀನೀಯಲ್ಲಿ ಆಗಬಾರದ್ದು ಆದಾಗ ಬೇಯ್ ಅನ್ನುವ ಪದ ಸೇರಿಸಿ 'ಮಳೆಯಿಂದ ನೆನೆಸಲ್ಪಟ್ಟೆ' ಅನ್ನುವ ಥರ ಹೇಳುವುದು ಸಹಜ. ಹಾಗಾಗಿ "ಐ ಗಾಟ್ ಸೋಕ್ಡ್" ಅವರ ಬಾಯಿಗೆ ಬೇಗ ಬರುತ್ತದೆ. ನಮಗೆ ಅದು ಕಷ್ಟ. 'ನಾನು ನೆನೆದೆ' ಅನ್ನುವುದು ನಮ್ಮ ರೂಢಿ, ಹಾಗಾಗಿ "ಐ ಸೋಕ್ಡ್ ಇನ್ ದ ರೇನ್" ಅಂದುಬಿಡುತ್ತೇವೆ. ಕೇಳಿದವರಿಗೆ ಬೇಕೂಂತಲೇ ಮಳೆಯಲ್ಲಿ ಕೂತು ಸುಖಪಟ್ಟ ಹಾಗೆ ಅನಿಸುತ್ತದೆ.

ಆದರೆ ಚೀನೀಯಲ್ಲಿ 'ಲಿನ್ ಯೂ' ಅಂತ ಇನ್ನೊಂದು ರೀತಿ ಇದೆ. ಲಿನ್ ಅಂದರೆ ಮೇಲಿಂದ ಸುರಿದು ತೋಯುವುದು, ಯೂ ಅಂದರೆ ಮಳೆ. ಮಳೆ ಇಲ್ಲಿ ಕರ್ಮಪದದ ಜಾಗದಲ್ಲಿ ಕೂರುತ್ತದೆ. ಅದನ್ನು ಹಾಗೇ ಎತ್ತಿಟ್ಟರೆ "ಐ ಡ್ರೆಂಚ್ಡ್ ದ ರೇನ್". ಮಳೆಗೇ ಸ್ನಾನ ಮಾಡಿಸಿದ ಹಾಗಾಯಿತು!

ಪೂರ್ತಿ ನೆನೆದವರಿಗೆ ಚೀನೀಯರು ಲುಓಥಾಂಗ್‌ಜೀ ಅಂತಾರೆ: ಸಾರಿನಲ್ಲಿ ಬಿದ್ದ ಕೋಳಿ. ಇಂಗ್ಲಿಷರಿಗೆ ಅದೇ ಮನುಷ್ಯ ಮುಳುಗಿದ ಇಲಿ. ನಾವು ಪ್ರಾಣಿಗಳ ತಂಟೆಗೇ ಹೋಗದೆ ತೊಯ್ದು ತೊಪ್ಪೆಯಾಗುತ್ತೇವೆ. ಮೂರರಲ್ಲಿ ನನ್ನ ಓಟು ಕೋಳಿಗೆ.

ಹೀರುವುದು: ಬಾಯಿ ಯಾರದು?

ಚೀನೀ ಲಿಪಿಯಲ್ಲಿ ಪಾಓ, ಲಿನ್ ಇವಕ್ಕೆಲ್ಲ ಎಡಗಡೆ ಮೂರು ಹನಿ ಇರುತ್ತವೆ, ನೀರಿನ ಗುರುತು. ಹೀರುವುದಕ್ಕಿರುವ ಶೀ ಅನ್ನುವ ಅಕ್ಷರಕ್ಕೆ ಮಾತ್ರ ನೀರಿಲ್ಲ, ಒಂದು ಚೌಕ ಇದೆ. ಅದು ಬಾಯಿ. ಸ್ಟ್ರಾದಲ್ಲಿ ಹೀರುವುದು ಶೀ, ಸಿಗರೇಟು ಸೇದುವುದು ಶೀ, ಸ್ಪಂಜು ನೀರು ಹೀರುವುದೂ ಶೀ. ಕನ್ನಡದಲ್ಲೂ ಕಾಫಿ ಹೀರುವುದು, ಬಟ್ಟೆ ನೀರು ಹೀರುವುದು ಒಂದೇ ಪದ. ಇಂಗ್ಲಿಷಿನ ಅಬ್ಸಾರ್ಬ್ ಲ್ಯಾಟಿನ್‌ನಿಂದ ಬಂದದ್ದು, ಅದರ ಬುಡದಲ್ಲೂ ಹೀರುವ ಬಾಯಿಯೇ. ಸೋಕ್ ಕೂಡ ಸಕ್ ಪದದ ಸಂಬಂಧಿ. ಮೂರು ಭಾಷೆಗೂ ಒಂದೇ ಕಲ್ಪನೆ ಬಂದಿದೆ.

ಇಷ್ಟೊಂದು ಹೊಂದಿಕೆ ಇರುವಾಗ ತಪ್ಪು ಎಲ್ಲಿಂದ ಬಂತು? ಬಾಯಿ ಯಾರದು ಅನ್ನುವುದರಿಂದ. ನೆಲದ ಮೇಲೆ ಚೆಲ್ಲಿದ ನೀರನ್ನು ಟವೆಲ್ಲಿನಿಂದ ತೆಗೆದವನು "ಐ ಅಬ್ಸಾರ್ಬ್ಡ್ ದ ವಾಟರ್ ವಿತ್ ಎ ಟವೆಲ್" ಅಂತಾನೆ. ಅಬ್ಸಾರ್ಬ್ ಮಾಡುವುದು ಟವೆಲ್ಲು. ಐ ಅಂದರೆ ನೀನೇ ಸ್ಪಂಜು. ಮನುಷ್ಯ ಮಾಡಿದ ಕೆಲಸಕ್ಕೆ ಸೋಕ್ ಅಪ್ ಅಥವಾ ಮಾಪ್ ಅಪ್ ಬೇಕು: "ಐ ಸೋಕ್ಡ್ ಅಪ್ ದ ವಾಟರ್ ವಿತ್ ಎ ಟವೆಲ್".

ಆ ಪುಟ್ಟ 'ಅಪ್' ಬಿಟ್ಟರೆ ಮತ್ತೆ ಕೆಡುತ್ತದೆ. "ಐ ಸೋಕ್ಡ್ ದ ವಾಟರ್" ಅಂದರೆ ನೀರನ್ನು ನೆನೆಹಾಕಿದೆ ಅಂತ. ನೀರನ್ನು ಯಾವುದರಲ್ಲಿ ನೆನೆಹಾಕುತ್ತೀರಿ? ಸೋಕಿನ ಹಿಂದೆ ಬರುವ ಈ ಚಿಲ್ಲರೆ ಪದಗಳೇ ಅರ್ಥ ತಿರುಗಿಸುತ್ತವೆ. ನೀರು ನೆಲಕ್ಕೆ ಇಂಗಿದರೆ ಸೋಕ್ ಇನ್. ಅಂಗಿ ದಾಟಿ ಬನಿಯನ್ನಿಗೂ ಇಳಿದರೆ ಸೋಕ್ ಥ್ರೂ. ಬಟ್ಟೆ ಹೀರಿಕೊಂಡರೆ ಸೋಕ್ ಅಪ್. ಕನ್ನಡಿಗರಿಗೆ ಇಂಗು, ಇಳಿ, ಹೀರು ಅಂತ ಬೇರೆಬೇರೆ ಪದ ಇರುವುದರಿಂದ ವ್ಯತ್ಯಾಸ ಬೇಗ ತಿಳಿಯುತ್ತದೆ. ಚೀನೀಯರು ಇದೇ ಕೆಲಸವನ್ನು ಕ್ರಿಯಾಪದದ ಬೆನ್ನಿಗೆ ಫಲವನ್ನು ಅಂಟಿಸಿ ಮಾಡುತ್ತಾರೆ. ಶ್ರ್-ಥೋ ಅಂದರೆ ಒದ್ದೆ, ಆಚೆಗೂ ದಾಟಿತು. "ನಿಮ್ಮ ಥೋ, ಇಂಗ್ಲಿಷಿನ ಥ್ರೂ" ಅಂತ ಬೋರ್ಡಿನ ಮೇಲೆ ಬರೆದಾಗ ತರಗತಿಯಲ್ಲಿ ಒಂದು ಆಹಾ ಕೇಳಿಸಿತು. ಉಚ್ಚಾರವೂ ಹತ್ತಿರ ಇರುವುದು ನಮ್ಮ ಅದೃಷ್ಟ.

ಹೊಸ ಬ್ಯಾಗಿನೊಳಗೆ ಬರುವ ಸಿಲಿಕಾ ಜೆಲ್ ಪೊಟ್ಟಣಕ್ಕೆ ಅಡ್ಸಾರ್ಬ್ ಅಂತ ಬೇರೆ ಪದ ಇದೆ. ತೇವ ಅದರ ಮೇಲ್ಮೈಗಳಿಗೆ ಅಂಟಿಕೊಳ್ಳುತ್ತದೆ. ಲ್ಯಾಬಿನಲ್ಲಿ ಕೆಲಸ ಮಾಡದವರಿಗೆ ಇದು ಬೇಡ.

ಒರೆಸುವುದಾ, ಒತ್ತುವುದಾ

ಇದು ನರ್ಸ್‌ಗಳಿಗಾಗಿ. ಚೀನೀಯಲ್ಲಿ ತ್ಸಾ ಅನ್ನುವ ಪದ ಮೇಜು ಒರೆಸುವುದಕ್ಕೂ, ಉಜ್ಜುವುದಕ್ಕೂ, ಮುಲಾಮು ಹಚ್ಚುವುದಕ್ಕೂ ಬಳಕೆಯಲ್ಲಿದೆ. ತರಗತಿಯಲ್ಲಿ ರೋಗಿ-ನರ್ಸ್ ಆಟ ಆಡಿಸಿದೆ. ನಾನು ರೋಗಿ, ಮೊಣಕೈಯಲ್ಲಿ ಗಾಯ. ನರ್ಸ್‌ಗಳಲ್ಲಿ ಒಬ್ಬಳು ಮೃದುವಾಗಿ ನಕ್ಕು "ಐ ವಿಲ್ ರಬ್ ಯುವರ್ ವೂಂಡ್" ಅಂದಳು. ಕೈ ಹಿಂದಕ್ಕೆ ಎಳೆದುಕೊಂಡೆ! ರಬ್ ಅಂದರೆ ಉಜ್ಜುವುದು, ಒರೆಸುವುದು ವೈಪ್. ಹತ್ತಿಯಲ್ಲಿ ಮೆಲ್ಲಗೆ ಒತ್ತಿ ಒತ್ತಿ ತೆಗೆಯುವುದಕ್ಕೆ ಡ್ಯಾಬ್. ಸ್ನಾನವಾದ ಮೇಲೆ ಟವೆಲ್ಲಿನಿಂದ ಉಜ್ಜದೆ ಒತ್ತಿ ಒಣಗಿಸುವುದು ಪ್ಯಾಟ್ ಡ್ರೈ. ಮುಲಾಮಿಗೆ ಅಪ್ಲೈ. ಕರಿದ ತಿಂಡಿಯ ಎಣ್ಣೆಯನ್ನು ಕಾಗದ ಒತ್ತಿ ತೆಗೆಯುವುದು ಬ್ಲಾಟ್, ಬ್ಲಾಟಿಂಗ್ ಪೇಪರ್ ನೋಡಿದ ತಲೆಮಾರಿಗೆ ಹೇಳಬೇಕಿಲ್ಲ.

ಇಲ್ಲಿ ಕನ್ನಡ ನನ್ನ ನೆರವಿಗೆ ಬಂತು. ಒರೆಸು, ಉಜ್ಜು, ಒತ್ತು, ಹಚ್ಚು. ನಾಲ್ಕು ಕ್ರಿಯೆಯನ್ನೂ ನನ್ನ ಕೈ ಮೇಲೇ ಮಾಡಿ ತೋರಿಸಿದೆ, ಪ್ರತಿಯೊಂದಕ್ಕೂ ಇಂಗ್ಲಿಷ್ ಪದ ಹೇಳಿಸಿದೆ. ಪುಸ್ತಕದ ಅರ್ಥಕ್ಕಿಂತ ಚರ್ಮಕ್ಕೆ ತಾಗಿದ ಅರ್ಥ ಬೇಗ ನಿಲ್ಲುತ್ತದೆ.

ತೇವ

ಡ್ಯಾಂಪ್ ಮತ್ತು ಮಾಯ್ಸ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಚೀನೀಯರಿಗೆ ಇದು ಆಗಲೇ ಗೊತ್ತು. ಬೇಡದ ತೇವ ಛಾಓಶ್ರ್, ಹಿತವಾದ ತೇವ ಶ್ರ್‌ರುನ್. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಡೆ ಚಳಿ ಮುಗಿದು ತೆಂಕಣ ಗಾಳಿ ಬೀಸಿದಾಗ ಗೋಡೆ, ನೆಲ ಬೆವರಿ ನೀರು ಇಳಿಯುತ್ತದೆ. ಆ ಕಾಲಕ್ಕೆ ಹ್ವೇನಾನ್‌ಥಿಯೆನ್ ಅಂತ ಹೆಸರೇ ಇಟ್ಟಿದ್ದಾರೆ. ಆ ಗೋಡೆ ಡ್ಯಾಂಪ್. ಒಳ್ಳೆಯ ಕೇಕು ಮಾಯ್ಸ್ಟ್. ಕೇಕಿಗೆ ಡ್ಯಾಂಪ್ ಅಂದರೆ ಬೇಕರಿಯವನು ಬೇಜಾರು ಮಾಡಿಕೊಂಡಾನು. ಕ್ರಿಯಾಪದಕ್ಕೂ ಹಾಗೇ: ತುಟಿ ಮಾಯ್ಸನ್, ಇಸ್ತ್ರಿಗೆ ಮೊದಲು ನೀರು ಚಿಮುಕಿಸಿದ ಬಟ್ಟೆ ಡ್ಯಾಂಪನ್. ಮಲೆನಾಡಿನ ಜುಲೈ ತಿಂಗಳು ಕಂಡವರಿಗೆ ಡ್ಯಾಂಪ್ ಪದವನ್ನು ಮೂಗೇ ಕಲಿಸುತ್ತದೆ.

ಯಾವುದು ಮೊದಲು

ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ಯಾವುದೂ ನಿಲ್ಲುವುದಿಲ್ಲ. ನಾನು ಮೊದಲ ತಿಂಗಳು ಕೊಡುವುದು ಸೋಕ್, ಡಿಪ್, ವೈಪ್ ಮತ್ತು ಗೆಟ್ ವೆಟ್. ಅಡುಗೆಯವರಿಗೆ ಮ್ಯಾರಿನೇಟ್ ಸೇರಿಸುತ್ತೇನೆ, ನರ್ಸ್‌ಗಳಿಗೆ ಡ್ಯಾಬ್. ಸೋಕ್ ಅಪ್, ಸೋಕ್ ಥ್ರೂ ಎರಡನೇ ತಿಂಗಳಿಗೆ. ಡೌಸ್ ಅನ್ನುವುದನ್ನು ಬೇಗ ಕೊಡುವುದಿಲ್ಲ. ಬೆಂಕಿ ಆರಿಸಲು ನೀರು ಸುರಿಯುವುದಕ್ಕೂ, ಹೊತ್ತಿಸಲು ಪೆಟ್ರೋಲ್ ಸುರಿಯುವುದಕ್ಕೂ ಅದೇ ಪದ. ಒಬ್ಬ ಅದನ್ನು ಸೋಯಾ ಸಾಸಿಗೆ ಬಳಸಿದ, ನೂಡಲ್ಸಿಗೆ ಬೆಂಕಿ ಹಚ್ಚುತ್ತಾನೇನೋ ಅನ್ನಿಸಿತು.

ಹೊರದೇಶದಲ್ಲಿ ಓದಲು ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್, ಅದನ್ನು ಬರೆಯುವವರ ಪಟ್ಟಿ ಬೇರೆ. ಅಲ್ಲಿ ಬರವಣಿಗೆಯ ಮೊದಲ ಪ್ರಶ್ನೆಯಲ್ಲಿ ಕೆಲವೊಮ್ಮೆ ಒಂದು ವಸ್ತು ಹೇಗೆ ತಯಾರಾಗುತ್ತದೆ ಅನ್ನುವ ಚಿತ್ರ ಕೊಟ್ಟು ವಿವರಿಸಲು ಹೇಳುತ್ತಾರೆ. ಆಗ ಡಂಕ್, ಡ್ಯಾಬ್ ಕೆಲಸಕ್ಕೆ ಬರುವುದಿಲ್ಲ. ಇಮ್ಮರ್ಸ್ಡ್, ಸ್ಯಾಚುರೇಟೆಡ್, ಅಬ್ಸಾರ್ಬ್ಡ್ ಬೇಕು, ಅದೂ 'ಈಸ್' ಸೇರಿಸಿ. ಮೊನ್ನೆ ಒಬ್ಬ ಅಭ್ಯಾಸಕ್ಕೆ ಸೋಯಾ ಹಾಲು ಮಾಡುವ ವಿಧಾನ ಬರೆದು ತಂದಿದ್ದ. ಮೊದಲ ಸಾಲು: "ದ ಬೀನ್ಸ್ ಆರ್ ಸ್ಟೀಪ್ಡ್ ಓವರ್‌ನೈಟ್." ಕೆಂಪು ಪೆನ್ನು ಎತ್ತಿದೆ. ಅವನು ತಡೆದು, "ಟೀಚರ್, ಕೊನೆಗೆ ಬೇಕಾಗಿರುವುದು ಹಾಲು, ಬೀನ್ಸ್ ಅಲ್ಲ" ಅಂದ. ನೆನೆಸಿದ ನೀರನ್ನು ಏನು ಮಾಡುತ್ತೀಯ ಅಂತ ಕೇಳಿದೆ. ಚೆಲ್ಲುತ್ತೇನೆ ಅಂದ, ಒಂದು ಕ್ಷಣ ಬಿಟ್ಟು ನಕ್ಕ, ತಾನೇ ಪೆನ್ನು ಕಿತ್ತುಕೊಂಡು ಸೋಕ್ಡ್ ಅಂತ ಬರೆದ.